ಒಂದು ಹಾಳೆ ಕೆಂಪು ಬಾಣ

ಮಾರ್ಚ್ 4

ಸೊಸೆಗೆ,

ಸುಖವಾಗಿ ಬಂದು ಸೇರಿದೆ. ರೈಲಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಎದುರಿಗೆ ಕೂತಿದ್ದವನ ಶರ್ಟಿನ ಎಡತೋಳಿನಲ್ಲಿ ಹೊಲಿಗೆ ವಕ್ರವಾಗಿ ಓಡಿತ್ತು. ದಾರಿಯುದ್ದಕ್ಕೂ ಅದೇ ಕಣ್ಣಿಗೆ ಚುಚ್ಚುತ್ತಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನ ಸ್ಟೇಷನ್ ಬಂತು, ಬದುಕಿಕೊಂಡ.

ಫೋನ್ ಇಟ್ಟುಕೊಂಡು ಪತ್ರ ಯಾಕೆ ಎಂದು ಕೇಳಿದ್ದೆಯಲ್ಲ, ಹೊಲಿಗೆ ಮಿಷನ್‌ಗಳ ಸದ್ದಿನಲ್ಲಿ ಆಯುಷ್ಯವೆಲ್ಲಾ ನಿಂತ ಕಿವಿಗಳು ಇವು. ಫೋನಿನಲ್ಲಿ ನೀವು ಏನು ಹೇಳಿದರೂ ನನಗೆ ಬರೀ ಗುಂಯ್ ಎನ್ನುತ್ತದೆ. ಕಿವಿ ಹೋದರೇನು, ಕಣ್ಣು ಗಟ್ಟಿಯಾಗಿದೆ. ನಾನು ರಿಟೈರ್ ಆದ ದಿನ ಮ್ಯಾನೇಜರ್ ಎಲ್ಲರೆದುರು ಏನು ಹೇಳಿದರು ಅಂತ ನಿನಗೆ ಹೇಳಿದ್ದೇನೆ, ಆದರೂ ಇನ್ನೊಮ್ಮೆ ಕೇಳಿಸಿಕೋ: "ಈಯಮ್ಮನ ಟೇಬಲ್ ದಾಟಿದ ಶರ್ಟು ವಾಪಸ್ ಬಂದಿದ್ದು ನಾನು ಕಂಡಿಲ್ಲ." ಶರ್ಟಿನಲ್ಲಿ ಎಲ್ಲಿ ತಪ್ಪಿದೆಯೋ ಅಲ್ಲಿ ಉಗುರಿನಷ್ಟು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಚೆಕಿಂಗ್ ಟೇಬಲ್‌ನವರ ಕೆಲಸ. ಬಾಣದ ಮೂತಿ ತಪ್ಪಿನ ಕಡೆಗೆ. ಇಡೀ ಫ್ಯಾಕ್ಟರಿ ನನ್ನನ್ನು ಬಾಣದಮ್ಮ ಎನ್ನುತ್ತಿತ್ತು, ಎದುರಿಗೂ, ಬೆನ್ನ ಹಿಂದೆಯೂ.

ಈಗ ವಿಷಯಕ್ಕೆ ಬರುತ್ತೇನೆ. ಹೊರಡುವ ದಿನ ನೀವಿಬ್ಬರೂ ಕೆಲಸಕ್ಕೆ ಹೋದಮೇಲೆ ನನಗೆ ಕೈ ಕಟ್ಟಿಹಾಕಿದಂತಾಯಿತು. ಬ್ಯಾಗಿನಲ್ಲಿ ಫ್ಯಾಕ್ಟರಿಯ ಬಾಣದ ಹಾಳೆಗಳು ಉಳಿದಿದ್ದವು. ಮನೆಯೆಲ್ಲಾ ಒಂದು ಸುತ್ತು ಹಾಕಿ ಚೆಕ್ ಮಾಡಿಕೊಟ್ಟಿದ್ದೇನೆ. ಕಿಟಕಿ ಪರದೆಯ ಅಂಚು, ಬಚ್ಚಲ ಬಾಗಿಲಿನ ಚಿಲಕ, ನಿನ್ನ ನೀಲಿ ಅಂಗಿಯ ಎರಡನೇ ಗುಂಡಿ. ಹಾಲ್‌ನಲ್ಲಿ ನನ್ನ ಮಗ ಹೊಡೆದಿರುವ ಪುಸ್ತಕದ ಶೆಲ್ಫಿಗೆ ಒಂದು ಬಾಣ ಸಾಲಲಿಲ್ಲ, ಮೂರು ಅಂಟಿಸಿದೆ. ಅದು ಶೆಲ್ಫೋ ಜಾರುಬಂಡೆಯೋ! ತಾನು ಕೆಲಸ ಮಾಡುವ ಪಾರ್ಸೆಲ್ ಆಫೀಸಿನ ಒಡೆದ ಪೆಟ್ಟಿಗೆಗಳ ಹಲಗೆ ಮನೆಗೆ ಹೊತ್ತು ತರುವ ಚಾಳಿ ಅವನಿಗೆ ಯಾವಾಗ ಅಂಟಿಕೊಂಡಿತೋ. ಬಾಲ್ಕನಿಯ ಮೂಲೆಯಲ್ಲಿ ಚಾದರದ ಕೆಳಗೂ ಅಂಥದ್ದೇ ಒಂದು ಮುರುಕಲು ಪೆಟ್ಟಿಗೆ ಇತ್ತು. ಒಂದು ಪಕ್ಕ ಇದೆ, ಇನ್ನೊಂದು ಪಕ್ಕ ಇಲ್ಲ. ತಳ ಅರ್ಧ. ಅದಕ್ಕೆ ಬಾಣ ಅಂಟಿಸುವುದೂ ದಂಡ ಎಂದು ಮೆಟ್ಟಿಲಿಳಿಸಿ ಕೆಳಗೆ ಕಸದ ಡಬ್ಬದ ಪಕ್ಕ ಇಟ್ಟು ಬಂದೆ. ಸೊಂಟ ಹಿಡಿದುಕೊಂಡಿತು, ಇರಲಿ ಬಿಡು, ನಿಮಗೋಸ್ಕರ ತಾನೆ.

ಅವನು ಚಿಕ್ಕಂದಿನಿಂದ ಯಾವುದನ್ನೂ ಪೂರ್ತಿ ಮಾಡಿದವನಲ್ಲ. ಅದಕ್ಕೇ ಅವನಿಗೆ ಅರೆಬರೆ ಎಂದು ಹೆಸರಿಟ್ಟೆ. ಆ ಹೆಸರಿಗೆ ಅವನು ಇವತ್ತಿನವರೆಗೂ ಮೋಸ ಮಾಡಿಲ್ಲ.

ಆಗಸ್ಟ್ ಬರಲಿ ಎಂದು ಬೆರಳು ಮಡಚುತ್ತಾ ಕೂತಿದ್ದೇನೆ. ನಾನು ಅಜ್ಜಿಯಾಗುತ್ತೇನೆ ಎಂದು ಬೀದಿಗೆಲ್ಲಾ ಹೇಳಿಯಾಗಿದೆ.

ಮೈ ಮರೆತು ಮೆಟ್ಟಿಲು ಹತ್ತಬೇಡ.

ಬಾಣದಮ್ಮ


ಮಾರ್ಚ್ 15

ಅತ್ತೆ,

ನಿಮ್ಮ ಪತ್ರ ತಲುಪಿತು. ಪರದೆಯ ಅಂಚು ಮಡಚಿ ಹೊಲಿಸಿದೆ. ಚಿಲಕ ಸರಿಯಾಯಿತು. ಗುಂಡಿ ಹಾಕಿಕೊಂಡೆ. ಶೆಲ್ಫ್ ಈಗ ಗೋಡೆಯ ಮೇಲಿಲ್ಲ. ಬಾಲ್ಕನಿಯ ಮೂಲೆಯನ್ನೂ ನೋಡಿದೆವು.

ನನ್ನ ಆರೋಗ್ಯ ಚೆನ್ನಾಗಿದೆ. ಕನ್ನಡಕದ ಅಂಗಡಿಯಲ್ಲಿ ಈಗ ನನಗೆ ಕೂತು ಮಾಡುವ ಕೆಲಸ ಮಾತ್ರ ಕೊಡುತ್ತಾರೆ. ಇವರೂ ಆರಾಮಾಗಿದ್ದಾರೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ.

ನಿಮ್ಮ ಸೊಸೆ


ಮಾರ್ಚ್ 23

ಸೊಸೆಗೆ,

ಭಲೇ! ಬಾಣ ಅಂಟಿಸಿದ ಹತ್ತೇ ದಿನದಲ್ಲಿ ಎಲ್ಲಾ ಸರಿಯಾಯಿತು ನೋಡು. ಶೆಲ್ಫ್ ತೆಗೆದದ್ದು ಬಹಳ ಒಳ್ಳೆಯದಾಯಿತು. ಬಾಯಲ್ಲಿ ಹೇಳಿದ್ದರೆ ಅರೆಬರೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದ.

ನಮ್ಮ ಮೇಲ್ಮನೆ ಟೈಲರಮ್ಮನಿಗೂ ಈ ಮಾತು ಹೇಳಿದೆ. ಅವಳು ಯಾರದೋ ಮಗುವಿಗೆ ಫ್ರಾಕು ಹೊಲಿಯುತ್ತಿದ್ದಳು. ನೆರಿಗೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ನಾನು ಸುಮ್ಮನಿರಲಾರದೆ ತೋರಿಸಿದೆ. "ಹೌದಾ ಅಕ್ಕ" ಎಂದು ಬಿಚ್ಚಿ ಹಾಕಿದಳು. ಆಮೇಲಿಂದ ನನ್ನನ್ನು ಕಂಡರೆ ಯಾಕೋ ಬೇಗ ಒಳಗೆ ಹೋಗುತ್ತಾಳೆ.

ತೊಟ್ಟಿಲು ನಾನು ಕೊಡಿಸುತ್ತೇನೆ. ಅಂಗಡಿಯದು, ಪಾಲಿಶ್ ಮಾಡಿದ್ದು. ಆಗಸ್ಟಿಗೆ ಮುಂಚೆಯೇ ಬಂದು ನಿಮ್ಮ ಜೊತೆ ಇರುತ್ತೇನೆ. ಹಾಳೆಗಳು ಇನ್ನೂ ಇವೆ, ತರುತ್ತೇನೆ.

ನಿನ್ನ ಪತ್ರ ತೀರಾ ಚಿಕ್ಕದಾಯಿತು. ಅಷ್ಟು ಹಾಳೆ ಖಾಲಿ ಬಿಟ್ಟಿದ್ದೀಯ.

ಬಾಣದಮ್ಮ


ಏಪ್ರಿಲ್ 25

ಸೊಸೆಗೆ,

ಒಂದು ತಿಂಗಳಾಯಿತು, ಒಂದು ಗೆರೆ ಇಲ್ಲ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ. ನಿನಗೆ ಹುಷಾರಿದೆ ತಾನೆ? ಮಗು ಹುಷಾರಾಗಿದೆ ತಾನೆ? ಅಷ್ಟನ್ನಾದರೂ ಬರೆ. ಕೋಪವಿದ್ದರೆ ಅದನ್ನೂ ಬರೆ. ಸುಮ್ಮನಿರುವುದು ನನಗೆ ಅರ್ಥವಾಗುವುದಿಲ್ಲ.

ಅತ್ತೆ


ಮೇ 3

ಅತ್ತೆ,

ಮಗು ಹುಷಾರಾಗಿದೆ, ಒದೆಯುತ್ತಿದೆ. ನಾನೂ ಹುಷಾರಾಗಿದ್ದೇನೆ. ಗಾಬರಿ ಮಾಡಿಸಿದ್ದಕ್ಕೆ ಬೇಸರವಿದೆ.

ಕೋಪವಿದ್ದರೆ ಬರೆ ಎಂದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಹೊರಟ ದಿನ ಸಂಜೆ ನಾನು ಅಂಗಡಿಯಿಂದ ಬಂದಾಗ ಕಸದ ಡಬ್ಬದ ಪಕ್ಕ ಅದು ನಿಂತಿತ್ತು. ಅದರ ಮೇಲೆ ಯಾರೋ ತರಕಾರಿ ಸಿಪ್ಪೆ ಸುರಿದಿದ್ದರು. ಒರೆಸಿ, ಎತ್ತಿಕೊಂಡು ಮೇಲೆ ಬಂದೆ. ಮೈ ಮರೆತು ಮೆಟ್ಟಿಲು ಹತ್ತಬೇಡ ಎಂದು ಬರೆದಿದ್ದಿರಿ. ಆ ದಿನ ಹೊರೆ ಹೊತ್ತೇ ಹತ್ತಿದೆ. ಬಾಗಿಲು ತೆಗೆದರೆ ನಿಮ್ಮ ಮಗ ಶೆಲ್ಫಿನ ಮುಂದೆ ನಿಂತಿದ್ದರು. ನನಗಿಂತ ಮುಂಚೆಯೇ ಬಂದಿದ್ದರು. ಅಂದರೆ ಅವರೂ ಆ ಡಬ್ಬದ ಮುಂದೆಯೇ ಹಾದುಬಂದಿದ್ದರು. ಕಂಡಿದ್ದರೂ ಅಲ್ಲಿಯೇ ಬಿಟ್ಟು ಬಂದಿದ್ದರು.

"ಯಾಕ್ರೀ ಬಿಟ್ಟು ಬಂದ್ರಿ?" ಎಂದು ಕೇಳಿದೆ.

"ಅಮ್ಮನ ಕಣ್ಣು ಯಾವತ್ತಾದ್ರೂ ತಪ್ಪಿದೆಯಾ? ಬಿಡು, ಅಂಗಡಿಯಿಂದ ತಗೊಂಡ್ರಾಯ್ತು," ಅಂದರು. ನಗುತ್ತಲೇ ಅಂದರು. ಆಮೇಲೆ ಶೆಲ್ಫಿನ ಮೊಳೆ ಕಿತ್ತು, ಉಳಿ ಸುತ್ತಿಗೆಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಅವತ್ತಿನಿಂದ ಅದನ್ನು ತೆಗೆದಿಲ್ಲ.

ನೀವು ಕೆಳಗಿಟ್ಟು ಹೋದದ್ದು ಮುರುಕಲು ಪೆಟ್ಟಿಗೆಯಲ್ಲ ಅತ್ತೆ. ತೊಟ್ಟಿಲು. ಅರ್ಧ ಆಗಿತ್ತು, ಯಾಕೆಂದರೆ ಇನ್ನೂ ಮಾಡುತ್ತಿದ್ದರು. ನಿಮಗೆ ಪೂರ್ತಿಯಾದ ಮೇಲೆ ತೋರಿಸಬೇಕೆಂದು ಚಾದರ ಹೊದಿಸಿಟ್ಟಿದ್ದರು. ಆ ಸೊಟ್ಟ ಶೆಲ್ಫು ಅವರು ಜೀವನದಲ್ಲಿ ಮಾಡಿದ ಮೊದಲ ಮರದ ಕೆಲಸ. ಅದು ಗೋಡೆಗೆ ಏರಿದ ದಿನ ಅವರು ಊಟದ ತಟ್ಟೆ ಹಿಡಿದು ಅದರ ಎದುರೇ ಕೂತಿದ್ದರು. ಸೊಟ್ಟ ಇದೆ ಎಂದು ನನಗೂ ಕಾಣುತ್ತಿತ್ತು. ಆದರೆ ಶೆಲ್ಫಿಗಿಂತ ಅವರ ಮುಖ ನೋಡುವುದು ನನಗೆ ಚೆಂದವಿತ್ತು.

ನಮ್ಮ ಅಂಗಡಿಯಲ್ಲಿ ಜನ ನನ್ನ ಮುಂದೆ ಕೂತು ಅಕ್ಷರ ಓದುತ್ತಾರೆ. ಕೊನೆಯ ಸಾಲು ಓದಲಾಗದಿದ್ದರೆ ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಾರೆ. ನಿಮ್ಮ ಕಣ್ಣು ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಗಾಜು ಬದಲಿಸಿ, "ಈಗ ಹೇಗಿದೆ?" ಎಂದು ಕೇಳುತ್ತೇನೆ. ಓದುವವರೆಗೂ ಕೇಳುತ್ತೇನೆ. ಅವರು ಓದಿ ನಕ್ಕಾಗ ಈ ಕೆಲಸ ಮಾಡುತ್ತಿದ್ದೇನೆಂದು ನನಗೆ ಹೆಮ್ಮೆಯಾಗುತ್ತದೆ.

ನಿಮ್ಮ ಮಗನ ಬಗ್ಗೆಯೂ ನನಗೆ ಅಂಥದ್ದೇ ಹೆಮ್ಮೆ ಇದೆ. ಅವರು ಅರೆಬರೆ ಅಲ್ಲ. ಮದುವೆಯಾದಾಗಿನಿಂದ ನಾನು ಆ ಹೆಸರು ಒಮ್ಮೆಯೂ ಬಾಯಿಗೆ ತಂದಿಲ್ಲ.

ಆಗಸ್ಟಿನಲ್ಲಿ ಬನ್ನಿ. ಆದರೆ ಆ ಹಾಳೆಗಳನ್ನು ತರುವುದಾದರೆ ಬರಬೇಡಿ. ನನ್ನ ಮಗುವಿಗೆ ಹುಟ್ಟಿದ ದಿನವೇ ಬಾಣ ಬೀಳುವುದು ನನಗೆ ಬೇಡ.

ಸೊಸೆ


ಮೇ 14

ಸೊಸೆಗೆ,

ಓದಿದೆ. ಓದಿ ಮಡಚಿ ಇಟ್ಟು, ನಿನ್ನ ಮೇಲೆ ಕೂಗಾಡಿದೆ. ಮನೆಯಲ್ಲಿ ಯಾರೂ ಇರಲಿಲ್ಲ, ಗೋಡೆ ಕೇಳಿಸಿಕೊಂಡಿತು. ನಿನ್ನೆ ಮೊನ್ನೆ ಬಂದವಳು ನನ್ನ ಮಗನನ್ನು ನನಗೇ ಪರಿಚಯ ಮಾಡಿಸುತ್ತಾಳಲ್ಲ ಎಂದು ಸಿಟ್ಟು. ನಾಲ್ಕು ಪುಟ ಉತ್ತರ ಬರೆದೆ. ಬಾಣ ಎಂದರೆ ಬೈಗುಳವಲ್ಲ, ಬಾಣ ಬಿದ್ದ ಶರ್ಟು ಹೊಲಿದವಳ ಬಳಿಗೆ ಹೋಗುತ್ತದೆ, ಸರಿಯಾಗಿ ಬರುತ್ತದೆ, ಪೆಟ್ಟಿಗೆಗೆ ಹೋಗುವ ಮುಂಚೆ ಬಾಣ ಕಿತ್ತು ಬಿಸಾಡುತ್ತಾರೆ, ಯಾರಿಗೂ ಗಾಯವಿಲ್ಲ, ಇತ್ಯಾದಿ ಇತ್ಯಾದಿ.

ಅಷ್ಟು ಬರೆಯುವಾಗ ಪೆನ್ನು ನಿಂತಿತು. ನಮ್ಮ ಚೆಕಿಂಗ್ ಟೇಬಲ್ ಫ್ಯಾಕ್ಟರಿ ಹಾಲ್‌ನ ಈ ತುದಿಯಲ್ಲಿ. ಮಿಷನ್‌ಗಳ ಸಾಲು ಆ ತುದಿಯಲ್ಲಿ. ನಡುವೆ ಬಟ್ಟೆಯ ಗುಡ್ಡ. ಬಾಣ ಬಿದ್ದ ಶರ್ಟು ವಾಪಸ್ ಹೋದಾಗ ಹೊಲಿದವಳ ಮುಖ ಹೇಗಾಗುತ್ತದೆ ಎಂದು ನಾನು ಯಾವತ್ತೂ ಕಂಡಿಲ್ಲ. ಮಗನ ಮುಖವನ್ನೂ ಕಾಣಲಿಲ್ಲ. ಬಾಣ ಅಂಟಿಸಿ ರೈಲು ಹತ್ತಿಬಿಟ್ಟೆ.

ಆ ನಾಲ್ಕು ಪುಟ ಹರಿದು ಹಾಕಿದೆ. ತೊಟ್ಟಿಲು ಕಣ್ಣ ಮುಂದೆಯೇ ಇತ್ತಲ್ಲೇ! ಇಷ್ಟು ಕೊಚ್ಚಿಕೊಳ್ಳುವ ಈ ಕಣ್ಣಿಗೆ ಅದು ತೊಟ್ಟಿಲೆಂದು ಕಾಣಲಿಲ್ಲ. ನನ್ನ ಕೈಯಾರೆ ಎತ್ತಿ ಕಸದ ಪಕ್ಕ ಇಟ್ಟು ಬಂದೆ.

ಒಂದು ಕೇಳುತ್ತೇನೆ, ಅವನಿಗೆ ಹೇಳಬೇಡ. ಅದು ಇನ್ನೂ ನಿನ್ನ ಹತ್ತಿರ ಇದ್ದರೆ ಅದರ ಉದ್ದ ಎಷ್ಟು, ಅಗಲ ಎಷ್ಟು?

ಅತ್ತೆ


ಮೇ 22

ಅತ್ತೆ,

ಬಾಗಿಲ ಹಿಂದೆ ಇಟ್ಟುಕೊಂಡಿದ್ದೇನೆ. ಉದ್ದ ಐದು ಗೇಣು, ಅಗಲ ಮೂರು ಗೇಣು. ಅಳತೆಯ ಟೇಪು ಅವರ ಬೀಗದ ಪೆಟ್ಟಿಗೆಯೊಳಗಿದೆ, ಅದಕ್ಕೇ ಗೇಣು ಹಾಕಿದೆ. ಬಾಗಲು ಕಷ್ಟವಾಯಿತು. ಆದರೆ ನಿಮ್ಮ ಪತ್ರ ಓದಿದ ಮೇಲೆ ಖುಷಿಯಿಂದಲೇ ಬಾಗಿದೆ.

ಸೊಸೆ


ಜೂನ್ 11

ಮಗನಿಗೆ,

ನಿನಗೆ ಪತ್ರ ಬರೆದು ಎಷ್ಟು ಕಾಲವಾಯಿತೋ. ಬರೆದರೂ ನೀನು ಉತ್ತರ ಬರೆಯುವುದಿಲ್ಲ, ಅದು ಬೇರೆ ಮಾತು.

ಈ ಪಾರ್ಸೆಲ್ಲು ನಿಮ್ಮ ಆಫೀಸಿಗೇ ಬರುತ್ತದೆ. ನೀನೇ ಬಿಡಿಸಿಕೋ. ಒಳಗಿರುವುದು ತೊಟ್ಟಿಲ ಹಾಸಿಗೆ. ಅಂಗಡಿಯದಲ್ಲ, ನಾನು ಹೊಲಿದದ್ದು. ನಗಬೇಡ. ಆಯುಷ್ಯವೆಲ್ಲಾ ಬೇರೆಯವರ ಹೊಲಿಗೆ ನೋಡಿದವಳು ನಾನು. ಮಿಷನ್ನಿನ ಮುಂದೆ ಕೂತದ್ದು ಹುಡುಗಿಯಾಗಿದ್ದಾಗ ಹೊಲಿಗೆ ಕ್ಲಾಸಿನಲ್ಲಿ, ಅದೂ ಕೆಲವೇ ತಿಂಗಳು. ಮೇಲ್ಮನೆ ಟೈಲರಮ್ಮನ ಬಾಗಿಲು ತಟ್ಟಿ ಮಿಷನ್ ಕೇಳಿದೆ. ಅವಳು ಮೊದಲು ಹೆದರಿಕೊಂಡಳು. ಇನ್ಯಾವ ಬಟ್ಟೆಯ ತಪ್ಪು ಹುಡುಕಲು ಬಂದಳೋ ಎಂದುಕೊಂಡಿರಬೇಕು.

ಸೂಜಿಗೆ ದಾರ ಪೋಣಿಸುವುದರಲ್ಲೇ ನನ್ನ ಅರ್ಧ ಗರ್ವ ಇಳಿಯಿತು. ಪೆಡಲು ಒತ್ತಿದರೆ ಮಿಷನ್ನು ಓಡಿಹೋಗುತ್ತದೆ, ಬಟ್ಟೆ ಒಂದು ದಿಕ್ಕಿಗೆ, ನಾನೊಂದು ದಿಕ್ಕಿಗೆ. ಅಡಿಯಲ್ಲಿ ದಾರ ಗಂಟು ಗಂಟಾಗಿ ಕೂತಿತು. ಬಿಚ್ಚಿದೆ, ಹೊಲಿದೆ, ಬಿಚ್ಚಿದೆ. ಟೈಲರಮ್ಮ ಪಕ್ಕದಲ್ಲೇ ಕೂತು ಎಲ್ಲಾ ನೋಡುತ್ತಿದ್ದಳು. ಅವಳ ಫ್ರಾಕಿನ ನೆರಿಗೆಗೆ ನಾನು ಏನಂದಿದ್ದೆ ಎಂದು ಅವಳಿಗೆ ಮರೆತಿರುವುದಿಲ್ಲ. ಏನು ಬೇಕಾದರೂ ಹೇಳಬಹುದಿತ್ತು. "ಕೈ ಸಡಿಲ ಬಿಡಿ ಅಕ್ಕ, ತಾನಾಗೇ ಹೋಗುತ್ತೆ," ಎಂದಷ್ಟೇ ಹೇಳಿ ಚಹಾ ತಂದುಕೊಟ್ಟಳು. ಆ ಚಹಾ ಕುಡಿಯುವಾಗ ನನ್ನ ಕಣ್ಣಲ್ಲಿ ನೀರು ಬಂತು. ಚಹಾ ಬಿಸಿಯಿದೆ ಎಂದೆ. ಅವಳು ನಂಬಿದಂತೆ ನಟಿಸಿದಳು.

ಹಾಸಿಗೆಯ ಜೊತೆ ನನ್ನ ಬಾಣದ ಹಾಳೆಗಳೆಲ್ಲಾ ಇವೆ. ಒಂದನ್ನೂ ಇಟ್ಟುಕೊಂಡಿಲ್ಲ. ಈಗ ನೀನು ಚೆಕ್ ಮಾಡು. ಎಲ್ಲೆಲ್ಲಿ ತಪ್ಪಿದೆಯೋ ಅಲ್ಲೆಲ್ಲಾ ಅಂಟಿಸಿ ವಾಪಸ್ ಕಳಿಸು. ತಾಯಿ ಎಂದು ದಯೆ ತೋರಿಸಬೇಡ.

ತೊಟ್ಟಿಲ ವಿಷಯ ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದು ಮನೆಯಲ್ಲಿ ಯಾರನ್ನೂ ಗದರಿಸಬೇಡ.

ಅಮ್ಮ


ಜೂನ್ 24

ಅಮ್ಮ,

ಪಾರ್ಸೆಲ್ಲು ನನ್ನ ಕೌಂಟರಿಗೇ ಬಂತು. ನಿನ್ನ ಕೈಬರಹ ನೋಡಿ ಸಹೋದ್ಯೋಗಿಗಳೆಲ್ಲಾ ಸೇರಿದರು. ಅವರೆದುರೇ ಬಿಚ್ಚಿದೆ. "ನಮ್ಮಮ್ಮ ಹೊಲಿದದ್ದು," ಎಂದೆ. ಒಬ್ಬ ಮುಟ್ಟಿ ನೋಡಿದ, "ಮೆತ್ತಗಿದೆ ಕಣೋ," ಅಂದ. ಆ ದಿನ ಪೂರ್ತಿ ನಾನು ಎದೆ ಸೆಟೆಸಿಕೊಂಡೇ ರಸೀದಿ ಬರೆದೆ.

ಚೆಕ್ ಮಾಡು ಎಂದೆ. ಮಾಡಿದೆ. ಮೂರು ಮೂಲೆ ಸರಿಯಾಗಿವೆ, ನಾಲ್ಕನೆಯದು ಸ್ವಲ್ಪ ತನ್ನದೇ ದಾರಿ ಹಿಡಿದಿದೆ. ಬಾಣ ಹಚ್ಚಲು ಕೈ ಬರಲಿಲ್ಲ. ಹಾಳೆಗಳನ್ನು ವಾಪಸ್ ಕಳಿಸುವುದಿಲ್ಲ, ಇಲ್ಲೇ ಇರಲಿ.

ಒಂದು ತೊಂದರೆಯಾಗಿತ್ತು. ಹಾಸಿಗೆ ತೊಟ್ಟಿಲಿಗಿಂತ ದೊಡ್ಡದು ಬಂದಿದೆ. ಇವಳು ತನ್ನ ಗೇಣು ಹಾಕಿ ಅಳತೆ ಹೇಳಿದ್ದಾಳೆ, ನೀನು ನಿನ್ನ ಗೇಣು ಹಾಕಿ ಹೊಲಿದಿದ್ದೀಯ. ನಿನ್ನ ಗೇಣು ದೊಡ್ಡದು ಎಂದು ನನ್ನ ಬೆನ್ನಿಗೆ ಚಿಕ್ಕಂದಿನಿಂದ ಗೊತ್ತು. ಇವಳು, "ಕತ್ತರಿಸಿ ಮಡಚಿ ಹೊಲಿದರಾಯ್ತು," ಅಂದಳು. ನನಗೆ ಕತ್ತರಿಸಲು ಮನಸ್ಸಾಗಲಿಲ್ಲ. ಆಮೇಲೆ ಪೆಟ್ಟಿಗೆಯ ಬೀಗ ತೆಗೆದು, ಆಫೀಸಿನಿಂದ ಹೊಸ ಹಲಗೆ ತಂದು ತೊಟ್ಟಿಲನ್ನೇ ದೊಡ್ಡದು ಮಾಡಿದೆ. ಇನ್ನೊಂದು ಪಕ್ಕ ಕೂರಿಸಿಯಾಯಿತು. ತಳವೂ ಆಯಿತು. ಕಾಲುಗಳಷ್ಟೇ ಬಾಕಿ.

ನೋಡು, ಉತ್ತರ ಬರೆದಿದ್ದೇನೆ. ಪೂರ್ತಿ ಬರೆದಿದ್ದೇನೆ.

ನಿನ್ನ ಮಗ


ಆಗಸ್ಟ್ 19

ಅತ್ತೆ,

ಹೆಣ್ಣು ಮಗು. ನಿನ್ನೆ ಬೆಳಗ್ಗೆ, ನೀವು ಬರುವವರೆಗೂ ಕಾಯದೆ ಬಂದುಬಿಟ್ಟಳು. ಇಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗ ಆಸ್ಪತ್ರೆಯ ಜಗುಲಿಯಲ್ಲಿ ಕಂಡಕಂಡವರಿಗೆಲ್ಲಾ ಮಗುವಿಗಿಂತ ಮೊದಲು ತೊಟ್ಟಿಲಿನ ಸುದ್ದಿ ಹೇಳುತ್ತಿದ್ದಾರಂತೆ. ನರ್ಸಮ್ಮ ಬಂದು ನಕ್ಕು ಹೋದರು.

ಒಂದು ಮಾತು ನಿಮಗೆ ಹೇಳಬೇಕು. ಮಾರ್ಚಿನಲ್ಲಿ ನಾನು ನಮ್ಮ ಅಂಗಡಿಯವರಿಗೆಲ್ಲಾ, "ನಮ್ಮತ್ತೆಗೆ ಕಣ್ಣಿದೆ, ಕರುಳಿಲ್ಲ," ಎಂದುಬಿಟ್ಟಿದ್ದೆ. ನಾನೂ ನಿಮಗೆ ಒಂದು ಬಾಣ ಅಂಟಿಸಿ ಹಿಂತಿರುಗಿ ನೋಡದೆ ಕೂತಿದ್ದೆ. ಜೂನಿನಲ್ಲಿ ಆ ಹಾಸಿಗೆ ತೆಗೆದುಕೊಂಡು ಹೋಗಿ ಅವರೆಲ್ಲರಿಗೂ ತೋರಿಸಿದೆ. ನಾಲ್ಕನೇ ಮೂಲೆಯನ್ನೂ ತೋರಿಸಿದೆ. ಆ ಮೂಲೆಯನ್ನೇ ಎಲ್ಲರೂ ಹೆಚ್ಚು ಮುಟ್ಟಿ ನೋಡಿದರು.

ಬೇಗ ಬನ್ನಿ. ನಿಮ್ಮ ಕಣ್ಣನ್ನೂ ಕರೆದುಕೊಂಡು ಬನ್ನಿ, ಮಗುವಿನ ಮೂಗು ಯಾರ ಕಡೆಯದು ಎಂದು ತೀರ್ಮಾನವಾಗಬೇಕಿದೆ.

ನಿಮ್ಮ ಸೊಸೆ


ಸೆಪ್ಟೆಂಬರ್ 30

ಸೊಸೆಮುದ್ದಿಗೆ,

ಸುಖವಾಗಿ ಬಂದು ಸೇರಿದೆ. ಮೂಗು ನನ್ನದೇ, ಅದರಲ್ಲಿ ಚರ್ಚೆಯಿಲ್ಲ.

ನೀವು ಮೂವರೂ ಮಧ್ಯಾಹ್ನ ಮಲಗಿದ್ದಾಗ ಹಳೆಯ ಚಾಳಿಯಂತೆ ಮನೆಯೆಲ್ಲಾ ಒಂದು ಸುತ್ತು ಹಾಕಿದೆ. ಶೆಲ್ಫು ಮತ್ತೆ ಗೋಡೆ ಏರಿದೆ. ಮತ್ತೆ ಸೊಟ್ಟ. ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ, ಈ ಕಣ್ಣು ಸಾಯುವವರೆಗೂ ಹೀಗೇ. ನಾಲಿಗೆಯನ್ನು ಹಲ್ಲಿನ ಮಧ್ಯೆ ಇಟ್ಟುಕೊಂಡೆ. ಆಮೇಲೆ ನೀನು ಬರೆದಿದ್ದಂತೆ ಒಂದು ತಟ್ಟೆ ಹಿಡಿದು ಅದರ ಎದುರು ಕೂತು ಊಟ ಮಾಡಿದೆ. ನನ್ನ ಮಗ ಎದ್ದು ಬಂದು ನನ್ನನ್ನು ನೋಡಿದ. ಇನ್ನೊಂದು ತಟ್ಟೆ ತಂದು ಪಕ್ಕದಲ್ಲಿ ಕೂತ.

ತೊಟ್ಟಿಲಿನ ತಲೆಯ ಕಡೆಯ ಹಲಗೆಯನ್ನು ನಾನು ಎಷ್ಟು ಸಲ ಸವರಿದೆನೋ ನಿನಗೆ ಗೊತ್ತಿಲ್ಲ. ಪಾರ್ಸೆಲ್ ಪೆಟ್ಟಿಗೆಯ ಕಪ್ಪು ಅಚ್ಚು ಅದರ ಮೇಲೆ ಹಾಗೇ ಇದೆ. "ಜೋಪಾನ" ಎಂದು ಬರೆದಿದೆ, ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಬಾಣ. ಉಜ್ಜಿ ತೆಗೆಯಬಾರದಿತ್ತೇ ಎಂದು ಕೇಳಿದ್ದಕ್ಕೆ ಅವನು, "ಇರ್ಲಿ ಅಮ್ಮ, ಆ ಬಾಣ ಯಾವ ಕಡೆ ಮೇಲೆ ಅಂತ ತೋರಿಸೋದು," ಅಂದ. ಆಗ ಅವನ ತಲೆ ನೇವರಿಸಬೇಕು ಅನ್ನಿಸಿತು. ಮೀಸೆ ಬಂದ ಮಗ ಎಂದು ಸುಮ್ಮನಾದೆ. ಹೊರಡುವ ದಿನ ನೇವರಿಸಿಯೇ ಬಂದೆ.

ಮೊನ್ನೆ ಫ್ಯಾಕ್ಟರಿಗೆ ಹೋಗಿದ್ದೆ. ನನ್ನ ಟೇಬಲ್ಲಿಗೆ ಹೊಸಬಳು ಬಂದಿದ್ದಾಳೆ, ನಾನೇ ಕೆಲಸ ಕಲಿಸಿದವಳು. ಚುರುಕು ಕಣ್ಣು. ಆದರೆ ಈ ಸಲ ನಾನು ಮೊದಲು ಹೋದದ್ದು ಹಾಲ್‌ನ ಆ ತುದಿಗೆ, ಮಿಷನ್‌ಗಳ ಕಡೆಗೆ. ಅಲ್ಲಿದ್ದವರಿಗೆಲ್ಲಾ ಮೊಮ್ಮಗಳು ಮಲಗಿರುವ ತೊಟ್ಟಿಲ ಫೋಟೋ ತೋರಿಸಿದೆ. "ನನ್ನ ಮಗ ಮಾಡಿದ್ದು. ಹಲಗೆ ತಂದು, ಕುಯ್ದು, ಪೂರ್ತಿ ಮಾಡಿದ್ದು," ಎಂದೆ. ಪೂರ್ತಿ ಎಂಬ ಮಾತನ್ನು ಎರಡು ಸಲ ಹೇಳಿದೆ. ಅವರು ನನ್ನನ್ನು ಕೂರಿಸಿ ಮಾತಾಡಿಸಿದರು. ಇಷ್ಟು ವರ್ಷಗಳಲ್ಲಿ ಆ ಸ್ಟೂಲುಗಳ ಮೇಲೆ ನಾನು ಕೂತದ್ದೇ ಇಲ್ಲ.

ವಾಪಸ್ ಬರುವಾಗ ಹೊಸ ಚೆಕ್ಕರಮ್ಮನ ಟೇಬಲ್ಲಿಗೆ ಹೋದೆ. ಅವಳು ಫೋಟೋವನ್ನು ಬೆಳಕಿಗೆ ಹಿಡಿದಳು. ನಾನು ಕಲಿಸಿದ ಹಾಗೆಯೇ ಹಿಡಿದಳು. ಒಂದೇ ಕ್ಷಣ. ಫೋಟೋದ ಮೇಲಿನಿಂದ ತೊಟ್ಟಿಲ ಕಾಲಿನವರೆಗೆ ಬೆರಳು ಚಾಚಿಟ್ಟು, "ಅಮ್ಮಾ, ಈ ಎಡಗಡೆ ಕಾಲು ಗಿಡ್ಡ ಅಲ್ವಾ?" ಅಂದಳು.

ಗಿಡ್ಡವೇ. ತೂಗಿದಾಗಲೆಲ್ಲಾ ಟಕ್ ಎನ್ನುತ್ತದೆ, ಆ ಟಕ್ಕಿಗೇ ನನ್ನ ಮೊಮ್ಮಗಳು ನಿದ್ದೆ ಹೋಗುತ್ತಾಳೆ. ಇದನ್ನೆಲ್ಲಾ ಅವಳಿಗೆ ವಿವರಿಸಲು ಹೋಗಲಿಲ್ಲ. ಮಿಷನ್‌ಗಳ ಸದ್ದಿನ ಮೇಲೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ:

"ಬೆರಳು ತೆಗಿಯೇ. ಮಗು ಮುಖ ಮುಚ್ಚಿಹೋಯ್ತು."

ನಿನ್ನ ಮಗಳ ಅಜ್ಜಿ